ಬಿಚ್ಚಿಸುವುದಾ, ಬದಲಾಯಿಸುವುದಾ? ಸಣ್ಣ ವಿಮಾನದ ಎಂಜಿನ್ ಕೆಲಸಕ್ಕೆ ಬಂದಾಗ

ಮೂರನೇ ಸಿಲಿಂಡರಿನ ಕಂಪ್ರೆಶನ್ 80ಕ್ಕೆ 58 ಬಂತು. ಅಂದರೆ ಒತ್ತಡದ ಗಾಳಿ ತುಂಬಿದರೆ 80ರಲ್ಲಿ 58 ಮಾತ್ರ ನಿಲ್ಲುತ್ತಿತ್ತು, ಉಳಿದದ್ದು ಸೋರುತ್ತಿತ್ತು. ಮೆಕ್ಯಾನಿಕ್ ಏನೂ ಮಾತಾಡದೆ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು, ಅದರ ಬಾಯಿಗೆ ಕಿವಿ ಇಟ್ಟರು. ಆಮೇಲೆ ನನ್ನನ್ನೂ ಕರೆದರು. ಒಳಗಿಂದ ಸುಯ್ಯೆಂದು ಗಾಳಿ ಬರುತ್ತಿತ್ತು. ಆ ಸದ್ದು ಎಕ್ಸಾಸ್ಟ್ ಪೈಪಿನಲ್ಲಿ ಕೇಳಿದ್ದರೆ ವಾಲ್ವ್ ತೊಂದರೆ. ಒಂದು ಸಿಲಿಂಡರ್ ಬಿಚ್ಚಿ ಮುಗಿಸಬಹುದಿತ್ತು. ಆಯಿಲ್ ಬಾಯಲ್ಲಿ ಕೇಳಿದರೆ ಪಿಸ್ಟನ್ ಸುತ್ತ ಸೋರಿಕೆ ತಡೆಯುವ ರಿಂಗ್ ಹೋಗಿದೆ ಅಂತ ಅರ್ಥ.

ನಮ್ಮದು 1974ರ ಸೆಸ್ನಾ 172ಎಂ. ಲೈಕಮಿಂಗ್ ಓ-320-ಇ2ಡಿ ಎಂಜಿನ್, ನಾಲ್ಕು ಸಿಲಿಂಡರ್, 150 ಅಶ್ವಶಕ್ತಿ. ಟೆಕ್ಸಸ್‌ನ ಗಲ್ಫ್ ಕರಾವಳಿಯಲ್ಲಿ ಮೂವರು ಪಾಲು ಹಾಕಿ ಇಟ್ಟುಕೊಂಡಿದ್ದೇವೆ. ಹಿಂದಿನ ಸಲ ಎಂಜಿನ್ ಬಿಚ್ಚಿದ ಮೇಲೆ 2,100 ಗಂಟೆ ಓಡಿತ್ತು.

ಊರಿನ ಗ್ಯಾರೇಜಾಗಿದ್ದರೆ "ಹಾಫ್ ಎಂಜಿನ್ನಾ ಸಾರ್, ಫುಲ್ ಎಂಜಿನ್ನಾ?" ಅಂತ ಒಂದೇ ಪ್ರಶ್ನೆ. ವಿಮಾನಕ್ಕೆ ಅದೇ ಪ್ರಶ್ನೆಗೆ ಐದಾರು ಉತ್ತರ ಇದೆ, ಒಂದೊಂದಕ್ಕೂ ಒಂದೊಂದು ಬೆಲೆ, ಒಂದೊಂದು ಹೆಸರು. ಯಾವುದು ಒಳ್ಳೆಯದು ಅಂತ ಎಲ್ಲರನ್ನೂ ಕೇಳುತ್ತಾ ಎರಡು ತಿಂಗಳು ಕಳೆದೆವು. ಆಮೇಲೆ ಗೊತ್ತಾಯಿತು, ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ನೀವು ವರ್ಷಕ್ಕೆ ಎಷ್ಟು ಗಂಟೆ ಹಾರುತ್ತೀರಿ, ಮತ್ತು ಹಾರದೇ ಇರುವಾಗ ವಿಮಾನ ಎಂಥ ಗಾಳಿಯಲ್ಲಿ ನಿಂತಿರುತ್ತದೆ? ಇದಕ್ಕೆ ಉತ್ತರ ಇಟ್ಟುಕೊಂಡು ಮುಂದಕ್ಕೆ ಓದಿ.

ಮೊದಲು, ನಿಜವಾಗಿ ಬಿಚ್ಚಲೇಬೇಕಾ?

ಲೈಕಮಿಂಗ್ ಕಂಪನಿ ಓ-320ಕ್ಕೆ 2,000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು ಅಂತ ಅವಧಿ ಹೇಳಿದೆ. ಇದಕ್ಕೆ ಟಿಬಿಒ ಅನ್ನುತ್ತಾರೆ, ಒಮ್ಮೆ ಪೂರ್ತಿ ಬಿಚ್ಚಿ ಜೋಡಿಸಿದ ಮೇಲೆ ಮತ್ತೆ ಬಿಚ್ಚುವವರೆಗಿನ ಅವಧಿ. ಅಮೆರಿಕದಲ್ಲಿ ಸ್ವಂತಕ್ಕೆ ಹಾರಿಸುವವರಿಗೆ ಇದು ಸಲಹೆ ಮಾತ್ರ, ಕಾನೂನಲ್ಲ. ಭಾರತದಲ್ಲಿ ಅಥವಾ ಬಾಡಿಗೆಗೆ ಓಡಿಸುವ ವಿಮಾನವಾದರೆ ಲೆಕ್ಕ ಬೇರೆ; ನಿಮ್ಮ ಅನುಮೋದಿತ ನಿರ್ವಹಣಾ ಕಾರ್ಯಕ್ರಮದಲ್ಲಿ ಏನು ಬರೆದಿದೆಯೋ ಅದೇ ಕೊನೆ ಮಾತು.

ಅವಧಿ ಮುಗಿಯಿತು ಅನ್ನುವ ಒಂದೇ ಕಾರಣಕ್ಕೆ ಚೆನ್ನಾಗಿ ಓಡುವ ಎಂಜಿನ್ ಬಿಚ್ಚುವುದು ನನಗೆ ಒಪ್ಪಿಗೆಯಿಲ್ಲ. ಬಿಚ್ಚಿ ಜೋಡಿಸಿದ ಯಾವುದೇ ಯಂತ್ರಕ್ಕೂ ಆಮೇಲಿನ ಕೆಲವು ಗಂಟೆಗಳೇ ಗಂಡಾಂತರ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಕೋಸ್ಟಲ್ ಕಮಾಂಡ್‌ಗೆ ಸಲಹೆ ಕೊಡುತ್ತಿದ್ದ ಜೀವವಿಜ್ಞಾನಿ ಕಾನ್ರಾಡ್ ವಾಡಿಂಗ್ಟನ್ ಮತ್ತು ಜೊತೆಗಾರರು ಲಿಬರೇಟರ್ ವಿಮಾನಗಳ ಲೆಕ್ಕ ತೆಗೆದರು. 50 ಗಂಟೆಯ ತಪಾಸಣೆ ಮುಗಿದ ತಕ್ಷಣವೇ ರಿಪೇರಿ ಜಾಸ್ತಿ ಆಗುತ್ತಿತ್ತು. ದಿನ ಕಳೆದಂತೆ ಕಡಿಮೆಯಾಗುತ್ತಿತ್ತು. ಕೈ ಹಾಕಿದ್ದೇ ತೊಂದರೆ!

ಹಾಗಾದರೆ ಯಾವಾಗ ಬಿಚ್ಚುವುದು? ಆಯಿಲ್ ಫಿಲ್ಟರನ್ನು ಕತ್ತರಿಸಿ ಬಿಡಿಸಿದಾಗ ಕಬ್ಬಿಣದ ಚೂರು ಸಿಕ್ಕಿ, ಅದು ಅಯಸ್ಕಾಂತಕ್ಕೆ ಅಂಟಿದರೆ. ಒಂದಕ್ಕಿಂತ ಹೆಚ್ಚು ಸಿಲಿಂಡರಿನಲ್ಲಿ ರಿಂಗ್ ಸೋರಿದರೆ. ಆಯಿಲ್ ಕುಡಿಯುವುದು ತಿಂಗಳಿಂದ ತಿಂಗಳಿಗೆ ಏರಿದರೆ. ಕಂಪ್ರೆಶನ್ ನಂಬರ್ ಒಂದನ್ನೇ ನೋಡಿ ಹೆದರಬೇಡಿ. 58 ಕಂಡ ದಿನ ನಾವು ಮಾಡಿದ್ದು ಇಷ್ಟೇ: ವಿಮಾನವನ್ನು ಒಂದು ಗಂಟೆ ಹಾರಿಸಿ, ಬಿಸಿ ಇರುವಾಗಲೇ ಇನ್ನೊಮ್ಮೆ ಅಳೆದೆವು. 61 ಬಂತು. ಬೋರ್‌ಸ್ಕೋಪ್ (ಒಳಗೆ ತೂರಿಸುವ ಸಣ್ಣ ಕ್ಯಾಮೆರಾ) ಇಳಿಸಿ ನೋಡಿದರೆ ಗೋಡೆಯ ತುಂಬ ಉದ್ದುದ್ದ ಗೀರು. ಪಕ್ಕದ ಸಿಲಿಂಡರಿನಲ್ಲೂ ಅದೇ ಕಥೆ. ಅಲ್ಲಿಗೆ ವಾದ ಮುಗಿಯಿತು.

ಹಾಫ್ ಎಂಜಿನ್

ವಿಮಾನದವರು ಇದನ್ನು ಟಾಪ್ ಓವರ್‌ಹಾಲ್ ಅನ್ನುತ್ತಾರೆ. ಸಿಲಿಂಡರ್, ಪಿಸ್ಟನ್, ರಿಂಗ್, ವಾಲ್ವ್ ಮಾತ್ರ. ಕೆಳಗಿನ ಕೇಸ್, ಪ್ರೊಪೆಲ್ಲರ್ ತಿರುಗಿಸುವ ಕ್ರ್ಯಾಂಕ್‌ಶಾಫ್ಟ್, ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಮುಟ್ಟುವುದಿಲ್ಲ. ಖರ್ಚು ಕಡಿಮೆ, ಕೆಲಸವೂ ಬೇಗ.

ನನ್ನ ಅಭಿಪ್ರಾಯ ಹೇಳುತ್ತೇನೆ. ಎಂಜಿನ್ ಇನ್ನೂ 800, 1,000 ಗಂಟೆಯಲ್ಲಿದ್ದು, ಕೆಳಗಿನ ಭಾಗ ಗಟ್ಟಿಯಾಗಿದೆ ಅಂತ ಫಿಲ್ಟರ್ ಹೇಳುತ್ತಿದ್ದರೆ ಇದು ಸರಿಯಾದ ದಾರಿ. ಅದರಲ್ಲೂ ಕಾಂಟಿನೆಂಟಲ್ ಅನ್ನುವ ಇನ್ನೊಂದು ಕಂಪನಿಯ ಎಂಜಿನ್ನಿನವರಿಗೆ. ಅವುಗಳಲ್ಲಿ ಕೆಳಗಿನ ಭಾಗ ಬಲವಾಗಿದ್ದು, ಸಿಲಿಂಡರುಗಳು ಮಧ್ಯದಲ್ಲೇ ಕೆಲಸಕ್ಕೆ ಬರುವುದು ಮಾಮೂಲಿ. ಆದರೆ 2,000 ಗಂಟೆಯ ಲೈಕಮಿಂಗ್‌ಗೆ ಹೊಸ ಸಿಲಿಂಡರ್ ಕೂರಿಸುವುದು ಹಳೇ ಪಂಚೆಗೆ ಜರಿ ಅಂಚು ಹೊಲಿಸಿದಂತೆ. ನಾಳೆ ಕ್ಯಾಮ್ ಸವೆದರೆ ಅದೇ ಸಿಲಿಂಡರುಗಳನ್ನು ಮತ್ತೆ ಬಿಚ್ಚಬೇಕು.

ಇನ್ನೊಂದು ಅಪಾಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಸಿಲಿಂಡರನ್ನು ಹಿಡಿದಿರುವ ಉದ್ದದ ಥ್ರೂ-ಬೋಲ್ಟ್‌ಗಳೇ ಕೇಸಿನ ಎರಡು ಹೋಳನ್ನೂ ಬಿಗಿಯಾಗಿ ಹಿಡಿದಿರುತ್ತವೆ. ನಾಲ್ಕೂ ಸಿಲಿಂಡರ್ ಒಟ್ಟಿಗೆ ಬಿಚ್ಚಿಟ್ಟು, ಬೋಲ್ಟ್‌ಗಳಿಗೆ ಬಿಗಿತ ಕೊಡದೆ ಪ್ರೊಪೆಲ್ಲರ್ ತಿರುಗಿಸಿದರೆ ಒಳಗಿನ ಮೇನ್ ಬೇರಿಂಗ್ ಜಾಗ ಬಿಟ್ಟು ಸರಿಯಬಹುದು. ಆಮೇಲೆ ಆಯಿಲ್ ತೂತು ಮುಚ್ಚಿ ಹೋದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಸಿಲಿಂಡರ್ ಇಲ್ಲದಾಗ ಬೋಲ್ಟಿನ ಬಿಗಿತ ಉಳಿಸುವ ಟಾರ್ಕ್ ಪ್ಲೇಟ್ ಹಾಕುತ್ತೀರಾ ಅಂತ ಮೆಕ್ಯಾನಿಕ್‌ಗೆ ಕೇಳಿ. ಹೂಂ ಅನ್ನದಿದ್ದರೆ ಬೇರೆಯವರನ್ನು ಹುಡುಕಿ.

ಓವರ್‌ಹಾಲ್, ರೀಬಿಲ್ಟ್, ಹೊಸದು

ಜನ ಹೆಚ್ಚು ಮೋಸ ಹೋಗುವುದು ಇಲ್ಲಿ. ಮಾರುವವರ ಬಾಯಲ್ಲಿ ಎಲ್ಲವೂ "ಹೊಸದರ ಹಾಗೆ". ಕಾನೂನಿನಲ್ಲಿ ಹಾಗಿಲ್ಲ.

ಅಮೆರಿಕದ ವಿಮಾನಯಾನ ನಿಯಮ 43.2 ಎರಡು ಪದಗಳಿಗೆ ಅರ್ಥ ಕಟ್ಟಿದೆ. ಓವರ್‌ಹಾಲ್ ಅಂದರೆ ಬಿಚ್ಚಿ, ತೊಳೆದು, ಪರೀಕ್ಷಿಸಿ, ಬೇಕಾದ್ದನ್ನು ರಿಪೇರಿ ಮಾಡಿ, ಜೋಡಿಸಿ, ಓಡಿಸಿ ನೋಡುವುದು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಪ್ರತಿ ಭಾಗಕ್ಕೂ ಕಾರ್ಖಾನೆಯ ಪಟ್ಟಿಯಲ್ಲಿ ಎರಡು ಅಳತೆ ಇರುತ್ತದೆ: ಹೊಸದಾಗಿ ತಯಾರಾಗುವಾಗಿನ ಅಳತೆ ಒಂದು, ಇಷ್ಟು ಸವೆದರೂ ಬಳಸಬಹುದು ಅನ್ನುವ ಸರ್ವಿಸ್ ಲಿಮಿಟ್ ಇನ್ನೊಂದು. ಲೈಕಮಿಂಗ್‌ನಲ್ಲಿ ಆ ಪಟ್ಟಿಯ ಹೆಸರು ಎಸ್‌ಎಸ್‌ಪಿ-1776. ಸರ್ವಿಸ್ ಲಿಮಿಟ್ಟಿನ ಅಂಚಿನಲ್ಲಿರುವ ಭಾಗ ಹಾಕಿದರೂ ಅದು ಕಾನೂನು ಪ್ರಕಾರ ಓವರ್‌ಹಾಲ್ ಆದ ಎಂಜಿನ್ನೇ. ಇವತ್ತು ಪಾಸು, ಇನ್ನೂ 2,000 ಗಂಟೆ ಬಾಳುತ್ತದಾ ಅನ್ನುವುದು ದೇವರಿಗೇ ಗೊತ್ತು. ಆದ್ದರಿಂದ ಯಾವ ಅಳತೆಗೆ ಜೋಡಿಸುತ್ತೀರಿ ಅಂತ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಎರಡು ಅಂಗಡಿಯ ದರದಲ್ಲಿ ದೊಡ್ಡ ಅಂತರ ಕಂಡರೆ ಬಹಳ ಸಲ ಕಾರಣ ಇದೇ.

ರೀಬಿಲ್ಟ್ ಅಂದರೆ ಹಳೇ ಭಾಗಗಳಿದ್ದರೂ ಎಲ್ಲವೂ ಹೊಸದರ ಅಳತೆಗೆ ಅಥವಾ ಅನುಮೋದಿತ ಓವರ್‌ಸೈಜ್, ಅಂಡರ್‌ಸೈಜ್ ಅಳತೆಗೆ ಹೊಂದಬೇಕು. ಕಾರ್ಖಾನೆ ಅಥವಾ ಕಾರ್ಖಾನೆ ಒಪ್ಪಿದ ಸಂಸ್ಥೆ ರೀಬಿಲ್ಟ್ ಮಾಡಿದರೆ ಮಾತ್ರ ಹಳೇ ಲಾಗ್‌ಬುಕ್ ಬಿಟ್ಟು ಹೊಸ ಪುಸ್ತಕ ಶುರು ಮಾಡಬಹುದು. "ಜೀರೋ ಟೈಮ್" ಅನ್ನುವ ಮಾತಿನ ಮೂಲ ಇದು. ಬೀದಿ ಕೊನೆಯ ಅಂಗಡಿ ಎಷ್ಟೇ ಅಚ್ಚುಕಟ್ಟಾಗಿ ಕೆಲಸ ಮಾಡಿದರೂ ಆ ಎಂಜಿನ್ನಿನ ಒಟ್ಟು ಗಂಟೆ ಸೊನ್ನೆಗೆ ಬರುವುದಿಲ್ಲ. ಹಾಗಂತ ಹೇಳಿದರೆ ನಂಬಬೇಡಿ.

ಜೀರೋ ಟೈಮ್‌ಗೆ ಒಂದು ಕೊರತೆಯೂ ಇದೆ. ಹೊಸ ಪುಸ್ತಕ ಅಂದರೆ ಹಳೇ ಕಥೆ ಹೋಯಿತು ಅಂತ. ನಿಮಗೆ ಬಂದ ಕ್ರ್ಯಾಂಕ್‌ಶಾಫ್ಟ್ ಹಿಂದೆ ಯಾರ ವಿಮಾನದಲ್ಲಿತ್ತು, ಏನು ಅನುಭವಿಸಿದೆ, ನಿಮಗೆ ಗೊತ್ತಾಗುವುದಿಲ್ಲ. ಅಳತೆ ಸರಿಯಿದೆ, ಬಿರುಕಿಲ್ಲ ಅಂತ ಕಾರ್ಖಾನೆ ಹೇಳುತ್ತದೆ, ನಾನು ನಂಬುತ್ತೇನೆ. ಆದರೆ ಮರುಮಾರಾಟದಲ್ಲಿ ಜೀರೋ ಟೈಮ್ ಅಂತ ಹೆಚ್ಚು ದುಡ್ಡು ಕೊಡುವವರು ಈ ಮಾತನ್ನು ಯೋಚಿಸಿರುವುದಿಲ್ಲ.

ಪೂರ್ತಿ ಹೊಸ ಎಂಜಿನ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಎಲ್ಲಕ್ಕಿಂತ ದುಬಾರಿ. ಐವತ್ತು ವರ್ಷದ 172ಕ್ಕೆ ಹಾಕಿದರೆ ವಿಮಾನ ಮಾರುವಾಗ ಆ ದುಡ್ಡು ವಾಪಸ್ ಬರುವುದಿಲ್ಲ.

ನಮ್ಮದೇ ಎಂಜಿನ್ನಾ, ಬದಲಿಯಾ?

ಕಾರ್ಖಾನೆಯಿಂದ ತರಿಸಿದರೆ ಅದು ಎಕ್ಸ್‌ಚೇಂಜ್. ಅವರು ಒಂದು ಎಂಜಿನ್ ಕಳಿಸುತ್ತಾರೆ, ನೀವು ಹಳೆಯದನ್ನು "ಕೋರ್" ಅಂತ ವಾಪಸ್ ಕಳಿಸುತ್ತೀರಿ. ಹಳೆಯದು ಅವರ ಷರತ್ತಿಗೆ ಹೊಂದದಿದ್ದರೆ ಅಥವಾ ಗಡುವಿನೊಳಗೆ ತಲುಪದಿದ್ದರೆ ಕೋರ್ ಹಣ ಕಟ್ಟಬೇಕು. ಭಾರತಕ್ಕೆ ತರಿಸುವವರು ಕಸ್ಟಮ್ಸ್, ಸಾಗಣೆ, ಕೋರ್ ವಾಪಸ್ ಕಳಿಸುವ ದಿನ ಇವನ್ನೆಲ್ಲ ಮೊದಲೇ ಕೂಡಿಸಿಕೊಳ್ಳಿ. ಸ್ಟಾಕ್ ಇದ್ದರೆ ವಿಮಾನ ಬೇಗ ಹಾರುತ್ತದೆ. ಇಲ್ಲದಿದ್ದರೆ ತಿಂಗಳುಗಟ್ಟಲೆ ಕಾಯಬೇಕು.

ಸ್ವಂತ ಎಂಜಿನ್ ಬಿಚ್ಚಿಸಿದರೆ ಅದರ ಜಾತಕ ನಿಮ್ಮ ಕೈಲೇ ಇರುತ್ತದೆ. ಕ್ರ್ಯಾಂಕ್‌ಶಾಫ್ಟ್ ಇನ್ನೂ ಸ್ಟ್ಯಾಂಡರ್ಡ್ ಅಳತೆಯಲ್ಲಿದೆಯಾ, ಪ್ರೊಪೆಲ್ಲರ್ ಎಂದಾದರೂ ನೆಲಕ್ಕೆ ಬಡಿದಿತ್ತಾ, ಎಲ್ಲ ಲಾಗ್‌ಬುಕ್ಕಿನಲ್ಲಿ ಇದೆ. ಆದರೆ ದರ ಎಷ್ಟು ಅಂತ ಬಿಚ್ಚುವವರೆಗೂ ಗಟ್ಟಿಯಾಗಿ ಹೇಳಲಾಗದು. ಕೇಸ್‌ನಲ್ಲಿ ಬಿರುಕು ಸಿಕ್ಕರೆ, ಕ್ರ್ಯಾಂಕ್ ರಿಜೆಕ್ಟ್ ಆದರೆ, ಅಂದುಕೊಂಡ ಲೆಕ್ಕವೆಲ್ಲ ಉಲ್ಟಾ. ಕೆಲವು ಕ್ರ್ಯಾಂಕ್‌ಶಾಫ್ಟ್‌ಗಳನ್ನು ಬದಲಿಸಲೇಬೇಕು ಅಂತ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಕೊಟ್ಟ ಕಡ್ಡಾಯ ಆದೇಶವೂ ಇದೆ. ನಿಮ್ಮ ಎಂಜಿನ್ನಿನ ಸೀರಿಯಲ್ ನಂಬರ್ ಅದರಲ್ಲಿ ಬರುತ್ತದಾ ಅಂತ ಬಿಚ್ಚುವ ಮೊದಲೇ ನೋಡಿಸಿ. 2017ರಲ್ಲಿ ಕನೆಕ್ಟಿಂಗ್ ರಾಡ್ ಬುಶ್‌ಗಳ ಬಗ್ಗೆಯೂ ಅಂಥ ಆದೇಶ ಬಂದಿತ್ತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಲೈಕಮಿಂಗ್‌ನಲ್ಲಿ ಕ್ಯಾಮ್‌ಶಾಫ್ಟ್ ಇರುವುದು ಕ್ರ್ಯಾಂಕ್‌ಶಾಫ್ಟ್‌ಗಿಂತ ಮೇಲೆ. ಎಂಜಿನ್ ಓಡುವಾಗ ಕೆಳಗಿಂದ ಸಿಡಿಯುವ ಆಯಿಲ್ಲೇ ಅದಕ್ಕೆ ಗತಿ. ನಿಲ್ಲಿಸಿದರೆ ಆಯಿಲ್ ಇಳಿದು ಹೋಗಿ ಕ್ಯಾಮ್ ಒಣಗುತ್ತದೆ. ಕರಾವಳಿ ಗಾಳಿಯಲ್ಲಿ ತಿಂಗಳು ನಿಂತರೆ ಕ್ಯಾಮ್ ಮೇಲೆ, ಅದಕ್ಕೆ ತಾಗಿ ಏರಿಳಿಯುವ ಟ್ಯಾಪೆಟ್ ಮುಖದ ಮೇಲೆ ತುಕ್ಕಿನ ಚುಕ್ಕಿ. ಆ ಚುಕ್ಕಿಯಿಂದ ಸಿಪ್ಪೆ ಏಳುತ್ತದೆ, ಸಿಪ್ಪೆಯ ಚೂರು ಫಿಲ್ಟರಿಗೆ ಬರುತ್ತದೆ. ಹಳೇ ಮಾದರಿಯ ಟ್ಯಾಪೆಟ್ಟನ್ನು ತೆಗೆದು ನೋಡಬೇಕೆಂದರೆ ಕೇಸನ್ನೇ ಎರಡು ಹೋಳು ಮಾಡಬೇಕು. ಕಾಂಟಿನೆಂಟಲ್‌ನಲ್ಲಿ ಕ್ಯಾಮ್ ಕೆಳಗಿದೆ, ಅದಕ್ಕೇ ಈ ಕಾಟ ಕಡಿಮೆ. ನಮ್ಮ ಎಚ್‌ಎಎಲ್ ಫ್ಲೈಯಿಂಗ್ ಕ್ಲಬ್ಬುಗಳಿಗೆ ಮಾಡಿಕೊಟ್ಟ ಪುಷ್ಪಕ್ ವಿಮಾನಗಳಲ್ಲಿ ಇದ್ದದ್ದು 90 ಅಶ್ವಶಕ್ತಿಯ ಕಾಂಟಿನೆಂಟಲ್.

ಇದಕ್ಕೆ ಲೈಕಮಿಂಗ್ ಕಂಡುಕೊಂಡ ಪರಿಹಾರ ರೋಲರ್ ಟ್ಯಾಪೆಟ್. ಕ್ಯಾಮ್ ಮೇಲೆ ಉಜ್ಜುವ ಬದಲು ಉರುಳುತ್ತದೆ. ಆದರೆ ಅದಕ್ಕೆ ಕೇಸೇ ಬೇರೆ. ಕಾರ್ಖಾನೆಯ ಎಂಜಿನ್ ತಂದರೆ ಮಾತ್ರ ಸಿಗುತ್ತದೆ. ನಿಮ್ಮ ಹಳೇ ಕೇಸ್‌ಗೆ ಊರಿನ ಅಂಗಡಿಯವರು ಹಾಕಿಕೊಡಲಾರರು.

ಹಾಗಾಗಿ ನನ್ನ ಲೆಕ್ಕ ಹೀಗೆ. ವರ್ಷಕ್ಕೆ 50 ಗಂಟೆಗಿಂತ ಕಡಿಮೆ ಹಾರುತ್ತೀರಾ, ವಿಮಾನ ಮಂಗಳೂರಿನಂಥ ಅಥವಾ ನಮ್ಮ ಗಲ್ಫ್ ದಡದಂಥ ಜಾಗದಲ್ಲಿ ನಿಂತಿರುತ್ತದಾ? ದುಡ್ಡು ಹೊಂದಿಸಲು ಆದರೆ ರೋಲರ್ ಟ್ಯಾಪೆಟ್ ಇರುವ ಕಾರ್ಖಾನೆ ಎಂಜಿನ್ ತನ್ನಿ. ವಾರಕ್ಕೆ ಎರಡು ಮೂರು ಸಲ ಹಾರುವ ವಿಮಾನವಾದರೆ, ಲಾಗ್‌ಬುಕ್ ಶುದ್ಧವಾಗಿದ್ದರೆ, ನಿಮ್ಮದನ್ನೇ ಒಳ್ಳೆಯ ಎಂಜಿನ್ ಅಂಗಡಿಯಲ್ಲಿ ಹೊಸದರ ಅಳತೆಗೆ ಬಿಚ್ಚಿಸಿ. ನಾವು ಮೂವರೂ ಸೇರಿ ವರ್ಷಕ್ಕೆ 200 ಗಂಟೆ ಹಾರುತ್ತೇವೆ. ಕ್ಯಾಮ್ ಒಣಗಲು ಪುರಸೊತ್ತೇ ಇಲ್ಲ. ಆದ್ದರಿಂದ ಎರಡನೇ ದಾರಿ ಹಿಡಿದೆವು. ಪಾಲುದಾರರಲ್ಲೊಬ್ಬರು ಈಗಲೂ ರೋಲರ್ ಟ್ಯಾಪೆಟ್ ತರಬೇಕಿತ್ತು ಅನ್ನುತ್ತಾರೆ. ಇರಲಿ.

ದರ ಹೋಲಿಸುವಾಗ ಕೊನೆಯ ಸಾಲಿನ ಮೊತ್ತ ನೋಡಬೇಡಿ. ಸಿಲಿಂಡರ್ ಹೊಸದಾ, ಹಳೆಯದಾ? ಕ್ಯಾಮ್ ಹೊಸದಾ, ಮತ್ತೆ ಉಜ್ಜಿದ್ದಾ? ಪ್ಲಗ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋ, ಕಾರ್ಬ್ಯುರೇಟರ್ ಸೇರಿದೆಯಾ? ವಾರಂಟಿಯಲ್ಲಿ ಎಂಜಿನ್ ಇಳಿಸಿ ಏರಿಸುವ ಕೂಲಿ ಬರುತ್ತದಾ? ಇದಲ್ಲದೆ ಎಂಜಿನ್ ಮೌಂಟಿನ ರಬ್ಬರ್, ಹೋಸ್‌ಗಳು, ತಂಪು ಗಾಳಿ ಸೋರದಂತೆ ತಡೆಯುವ ಬ್ಯಾಫಲ್ ಸೀಲ್ ಎಲ್ಲ ನಿಮ್ಮ ತಲೆಗೇ ಬರುತ್ತವೆ. ಹಳೇ ಎಂಜಿನ್ನಿನಲ್ಲಿ ಲೋಹದ ಚೂರು ಓಡಾಡಿದ್ದರೆ ಆಯಿಲ್ ಕೂಲರ್ ಬದಲಿಸಿ. ಅಲ್ಲಿ ಅಡಗಿದ ಒಂದು ಚೂರು ಹೊಸ ಬೇರಿಂಗ್‌ಗೆ ಸಾಕು.

ಸಿಲಿಂಡರಿನ ಗೋಡೆ

ಇಲ್ಲಿ ಮೂರು ನಾಲ್ಕು ಬಗೆ. ಬರೀ ಉಕ್ಕು ಬೇಗ ಪಳಗುತ್ತದೆ (ಅಂದರೆ ರಿಂಗ್ ಗೋಡೆಗೆ ಬೇಗ ಹೊಂದಿಕೊಳ್ಳುತ್ತದೆ), ಬೇಗ ತುಕ್ಕು ಹಿಡಿಯುತ್ತದೆ. ನೈಟ್ರೈಡ್ ಮಾಡಿದ್ದು, ಅಂದರೆ ನೈಟ್ರೋಜನ್ ಹಿಡಿಸಿ ಮೇಲ್ಮೈ ಗಟ್ಟಿ ಮಾಡಿದ ಉಕ್ಕು, ಸವೆತ ಕಡಿಮೆ, ಆದರೆ ತುಕ್ಕು ಅದನ್ನೂ ಬಿಡುವುದಿಲ್ಲ. ಕ್ರೋಮ್ ಹಾಕಿದ್ದಕ್ಕೆ ತುಕ್ಕಿನ ಭಯವಿಲ್ಲ. ಆದರೆ ಆಯಿಲ್ ಹಿಡಿದುಕೊಳ್ಳುವುದಿಲ್ಲ, ಪಳಗಿಸುವುದು ಕಷ್ಟ, ಕೊನೆತನಕ ಸ್ವಲ್ಪ ಜಾಸ್ತಿ ಆಯಿಲ್ ಕುಡಿಯುತ್ತದೆ. ನಿಕ್ಕಲ್ ಜೊತೆ ಸಿಲಿಕಾನ್ ಕಾರ್ಬೈಡ್ ಸೇರಿಸಿದ ಲೇಪನ ತುಕ್ಕನ್ನೂ ತಡೆಯುತ್ತದೆ, ಕ್ರೋಮ್‌ನಷ್ಟು ಕಾಡುವುದೂ ಇಲ್ಲ.

ನಿತ್ಯ ಹಾರುವವರಿಗೆ ನೈಟ್ರೈಡ್ ಸಾಕು, ನಾವು ಹಾಕಿಸಿದ್ದೂ ಅದೇ. ತೇವದಲ್ಲಿ ನಿಲ್ಲುವ ವಿಮಾನಕ್ಕೆ ನಿಕ್ಕಲ್.

ಒಂದು ಮಾತು ಮಾತ್ರ ನೆನಪಿರಲಿ: ಕ್ರೋಮ್ ರಿಂಗ್ ಉಕ್ಕಿನ ಅಥವಾ ನೈಟ್ರೈಡ್ ಗೋಡೆಗೆ, ಕ್ರೋಮ್ ಗೋಡೆಗೆ ಎರಕದ ಕಬ್ಬಿಣದ ರಿಂಗ್. ಕ್ರೋಮ್‌ಗೆ ಕ್ರೋಮ್ ಜೋಡಿಯಾಗುವುದಿಲ್ಲ. ಲೈಕಮಿಂಗ್ ಸಿಲಿಂಡರ್ ಮೇಲಿನ ಬಣ್ಣದ ಪಟ್ಟೆ ನೋಡಿದರೆ ಗೊತ್ತಾಗುತ್ತದೆ: ಕಿತ್ತಳೆ ಕ್ರೋಮ್, ನೀಲಿ ನೈಟ್ರೈಡ್. ಸೆಕೆಂಡ್‌ಹ್ಯಾಂಡ್ ವಿಮಾನ ನೋಡಲು ಹೋದಾಗ ಕೌಲಿಂಗ್ (ಎಂಜಿನ್ನಿನ ಹೊದಿಕೆ) ತೆಗೆಸಿ ಈ ಪಟ್ಟೆ ಹುಡುಕುವುದು ನನಗೊಂದು ಚಟವಾಗಿಬಿಟ್ಟಿದೆ.

ಪಳಗಿಸುವುದು

ಅಪ್ಪ ಹಾಸನಕ್ಕೆ ಹೊಸ ಚೇತಕ್ ತಂದಾಗ ಮನೆಯಲ್ಲಿ ಒಂದು ಕಾನೂನು ಜಾರಿಯಾಯಿತು. ರನ್ನಿಂಗ್ ಇನ್ ಮುಗಿಯುವವರೆಗೆ 40ರ ಮೇಲೆ ಹೋಗುವಂತಿಲ್ಲ, ಇಬ್ಬರನ್ನು ಹಿಂದೆ ಕೂರಿಸುವಂತಿಲ್ಲ, ದಿಬ್ಬ ಹತ್ತಿಸುವಾಗ ಎಳೆಯುವಂತಿಲ್ಲ. ಸೈಕಲ್ಲಿನವರು ನಮ್ಮನ್ನು ದಾಟಿ ಹೋಗುತ್ತಿದ್ದರು. ಆ ಪಾಠ ತಲೆಯಲ್ಲಿ ಇಟ್ಟುಕೊಂಡು ವಿಮಾನದ ಎಂಜಿನ್ ಪಳಗಿಸಲು ಹೋದರೆ ಅದು ಕೆಟ್ಟು ಕೂರುತ್ತದೆ.

ಯಾಕೆ ಅಂತ ಹೇಳುತ್ತೇನೆ. ರುಬ್ಬುವ ಕಲ್ಲು ನುಣುಪಾದರೆ ಹಿಟ್ಟು ನುಣ್ಣಗಾಗುವುದಿಲ್ಲ, ಅದಕ್ಕೇ ಮನೆ ಮುಂದೆ ಬರುತ್ತಿದ್ದ ಕಲ್ಲುಕುಟಿಗರ ಕೈಲಿ ಉಳಿಯಿಂದ ಕಚ್ಚು ಹಾಕಿಸುತ್ತಿದ್ದರು. ಹೊಸ ಸಿಲಿಂಡರಿನ ಗೋಡೆಗೂ ಹಾಗೇ ಹೋನಿಂಗ್ ಮಾಡಿ ಅಡ್ಡಡ್ಡ ಗೀರು ಎಳೆದಿರುತ್ತಾರೆ. ಆ ಗೀರಿನ ಏಣುಗಳಿಗೆ ರಿಂಗ್ ಉಜ್ಜಿ, ಎರಡೂ ಚೂರು ಚೂರು ಸವೆದು, ಒಂದಕ್ಕೊಂದು ಹೊಂದಿಕೊಳ್ಳಬೇಕು. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗಿತ ಅಷ್ಟೇ ಅಲ್ಲ. ಉರಿಯುವ ಗ್ಯಾಸ್ ರಿಂಗಿನ ಹಿಂದೆ ನುಗ್ಗಿ ಅದನ್ನು ಹೊರಕ್ಕೆ ದೂಡುತ್ತದೆ. ಪವರ್ ಜಾಸ್ತಿ ಕೊಟ್ಟಷ್ಟೂ ಒತ್ತಡ ಜಾಸ್ತಿ. ಮೆಲ್ಲಗೆ ಓಡಿಸಿದರೆ ಒತ್ತಡ ಸಾಲದು. ರಿಂಗ್ ಆಯಿಲ್ ಪದರದ ಮೇಲೆ ಜಾರುತ್ತಾ ಇರುತ್ತದೆ.

ಆಮೇಲೆ ಏನಾಗುತ್ತದೆ ಅನ್ನುವುದಕ್ಕೆ ದೋಸೆ ಕಾವಲಿ ನೆನಪಿಸಿಕೊಳ್ಳಿ. ಕಬ್ಬಿಣದ ಕಾವಲಿಗೆ ಎಣ್ಣೆ ಸವರಿ ಕಾಯಿಸಿ ಕಾಯಿಸಿ ಪಳಗಿಸಿದರೆ ಮೇಲೆ ಕಪ್ಪು ನುಣುಪು ಪದರ ಕೂರುತ್ತದೆ, ಅಲ್ವಾ? ದೋಸೆ ಏಳಲು ಅದೇ ಬೇಕು. ಸಿಲಿಂಡರಿನ ಬಿಸಿ ಗೋಡೆಯಲ್ಲೂ ಉಳಿದ ಆಯಿಲ್ ಸುಟ್ಟು ಅದೇ ಥರ ಪದರ ಕಟ್ಟುತ್ತದೆ. ಗೀರು ಮುಚ್ಚಿ ಗೋಡೆ ಗಾಜಿನಂತಾಗುತ್ತದೆ. ಇದಕ್ಕೆ ಗ್ಲೇಜಿಂಗ್ ಅನ್ನುತ್ತಾರೆ. ಒಮ್ಮೆ ಆಯಿತೆಂದರೆ ರಿಂಗ್ ಕೂರುವುದಿಲ್ಲ. ಕಾವಲಿ ಪಳಗಬೇಕು, ಸಿಲಿಂಡರ್ ಹಾಗೆ ಪಳಗಬಾರದು.

ನನಗೆ ಇದು ದುಡ್ಡು ಕೊಟ್ಟು ಕಲಿತ ಪಾಠ. ಇದಕ್ಕೂ ಮೊದಲು ನನಗೆ ಇನ್ನೊಂದು ವಿಮಾನದಲ್ಲಿ ಪಾಲಿತ್ತು. ಅದರ ಎಂಜಿನ್ ಜೋಡಿಸಿದ ಅಂಗಡಿಯವರು ಎಲ್ಲಾದರೂ ಆಯಿಲ್ ಸೋರುತ್ತದಾ ನೋಡೋಣ ಅಂತ ಕೌಲಿಂಗ್ ಇಲ್ಲದೆ, ಬೇಸಿಗೆ ಮಧ್ಯಾಹ್ನ, ನೆಲದ ಮೇಲೇ ಸುಮ್ನೆ ಬಹಳ ಹೊತ್ತು ಓಡಿಸಿದರು. ನಾವು ಬುದ್ಧಿವಂತರು ಆಮೇಲೆ ಹತ್ತು ಗಂಟೆ ಅದನ್ನು "ನಾಜೂಕಾಗಿ" ಹಾರಿಸಿದೆವು. 60 ಗಂಟೆಯಾದರೂ ಮೂರು ಗಂಟೆಗೊಂದು ಕ್ವಾರ್ಟ್ (ಸುಮಾರು ಒಂದು ಲೀಟರ್) ಆಯಿಲ್ ಹೋಗುತ್ತಲೇ ಇತ್ತು. ಕೊನೆಗೆ ನಾಲ್ಕೂ ಸಿಲಿಂಡರ್ ಬಿಚ್ಚಿಸಿ, ಮತ್ತೆ ಹೋನ್ ಮಾಡಿಸಿ, ಹೊಸ ರಿಂಗ್ ಹಾಕಿಸಬೇಕಾಯಿತು.

ಈ ಸಲ ಏನು ಮಾಡಿದೆವು ಅಂತ ಬರೆಯುತ್ತೇನೆ. ಮೊದಲ ಸ್ಟಾರ್ಟ್‌ಗೆ ಮುಂಚೆ ಒಂದೊಂದು ಸಿಲಿಂಡರಿನಿಂದ ಒಂದೊಂದು ಪ್ಲಗ್ ತೆಗೆದು, ಆಯಿಲ್ ಪ್ರೆಶರ್ ಸೂಜಿ ಏಳುವವರೆಗೆ ಬರೀ ಸ್ಟಾರ್ಟರ್‌ನಿಂದ ತಿರುಗಿಸಿದೆವು. ಒಣ ಬೇರಿಂಗ್ ಮೇಲೆ ಸ್ಟಾರ್ಟ್ ಮಾಡಬಾರದು. ನೆಲದ ಮೇಲಿನ ಓಟ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಸೋರಿಕೆ ನೋಡಿ, ಕೌಲಿಂಗ್ ಹಾಕಿ, ನೇರ ಹಾರಾಟ. ಕಡಿದಾಗಿ ಏರಬೇಡಿ, ಮೂಗು ಸ್ವಲ್ಪ ತಗ್ಗಿಸಿದರೆ ಗಾಳಿ ಚೆನ್ನಾಗಿ ಆಡುತ್ತದೆ.

ಲೈಕಮಿಂಗ್‌ನ ಸೂಚನೆ ಹೀಗಿದೆ: ಮೊದಲ ಗಂಟೆ 75 ಪರ್ಸೆಂಟ್ ಪವರ್. ಎರಡನೇ ಗಂಟೆ 65ಕ್ಕೂ 75ಕ್ಕೂ ನಡುವೆ ಬದಲಿಸುತ್ತಾ ಇರಬೇಕು. ಎಲ್ಲ ಸರಿಯಿದ್ದರೆ ಆಮೇಲೆ ಅರ್ಧ ಗಂಟೆ ವಿಮಾನದ ಕೈಪಿಡಿ ಬಿಡುವಷ್ಟು ಗರಿಷ್ಠ ಪವರ್. ನಾನು ನಮ್ಮ ರನ್‌ವೇ ಮೇಲೇ ಎರಡೂವರೆ ಗಂಟೆ ಗಿರಗಿಟ್ಟಲೆ ಹೊಡೆದೆ. ಎಂಜಿನ್ ನಿಂತರೂ ತೇಲಿ ಬಂದು ಇಳಿಯುವಷ್ಟು ಹತ್ತಿರ. ಅಷ್ಟು ಬೇಜಾರಿನ ಹಾರಾಟ ಇನ್ನೊಂದಿಲ್ಲ. ಮೂರನೇ ಸಿಲಿಂಡರಿನ ಹೆಡ್ ಬಿಸಿ 430 ಡಿಗ್ರಿ ಫ್ಯಾರನ್‌ಹೀಟ್ ತನಕ ಹೋಯಿತು. 500 ಮೇಲಿನ ಮಿತಿ, ಆದರೆ ಬಾಳಿಕೆ ಬೇಕಿದ್ದರೆ 435 ದಾಟಿಸಬೇಡಿ ಅನ್ನುತ್ತದೆ ಕಂಪನಿ. ಐದಾರು ಗಂಟೆಯಾದ ಮೇಲೆ ಒಂದು ದಿನ ಅದೇ ಪವರ್‌ನಲ್ಲಿ ಸೂಜಿ 390ಕ್ಕೆ ಇಳಿದು ಅಲ್ಲೇ ನಿಂತಿತು. ರಿಂಗ್ ಕೂರುತ್ತಿದೆ ಅನ್ನುವ ಮೊದಲ ಸುಳಿವು ಅದೇ. ಉಜ್ಜಾಟ ಕಡಿಮೆಯಾದರೆ ಬಿಸಿಯೂ ಕಡಿಮೆ.

ಇಳಿಯುವಾಗಲೂ ಥ್ರಾಟಲ್ ಪೂರ್ತಿ ಮುಚ್ಚಿ ಬೀಳಬೇಡಿ. ಪವರ್ ಇಟ್ಟುಕೊಂಡೇ ಮೆಲ್ಲಗೆ ಇಳಿಯಿರಿ. ಟಚ್ ಅಂಡ್ ಗೋ, ಅಂದರೆ ನೆಲ ಮುಟ್ಟಿ ನಿಲ್ಲದೆ ಮತ್ತೆ ಏರುವುದು, ಬೇಡವೇ ಬೇಡ.

ಯಾವ ಆಯಿಲ್?

ಸೇರ್ಪಡೆ ಇಲ್ಲದ ಮಿನರಲ್ ಆಯಿಲ್ಲಾ, ಕೊಳೆ ತೇಲಿಸುವ ಸೇರ್ಪಡೆ ಇರುವ ಆಶ್‌ಲೆಸ್ ಡಿಸ್ಪರ್ಸೆಂಟಾ ಅಂತ ಹ್ಯಾಂಗರ್‌ಗಳಲ್ಲಿ ನಡೆಯುವ ಜಗಳ ನಮ್ಮಲ್ಲಿ ಕಾಫಿಗೆ ಚಿಕೋರಿ ಬೇಕಾ ಬೇಡವಾ ಅನ್ನುವಷ್ಟೇ ಹಳೆಯದು. ಡಿಸ್ಪರ್ಸೆಂಟ್ ಆಯಿಲ್ ಕೊಳೆಯನ್ನು ತೇಲಿಸಿ ಫಿಲ್ಟರಿಗೆ ಒಯ್ಯುತ್ತದೆ. ದಿನನಿತ್ಯಕ್ಕೆ ಅದೇ ಒಳ್ಳೆಯದು. ಪಳಗುವಾಗ ಮಾತ್ರ ಬರೀ ಮಿನರಲ್ ಅನ್ನುವುದು ಲೈಕಮಿಂಗ್‌ನ ಸಾಮಾನ್ಯ ಸಲಹೆ: ಮೊದಲ 50 ಗಂಟೆ ಅಥವಾ ಆಯಿಲ್ ಖರ್ಚು ಒಂದೇ ಮಟ್ಟಕ್ಕೆ ಬಂದು ನಿಲ್ಲುವವರೆಗೆ. ಕೆಲವು ಟರ್ಬೋ ಎಂಜಿನ್‌ಗಳಿಗೆ ಮೊದಲಿಂದಲೇ ಡಿಸ್ಪರ್ಸೆಂಟ್. 1977ರಿಂದ 1980ರ ನಡುವಿನ 172ಎನ್ ನಿಮ್ಮದಾಗಿದ್ದರೆ ಅದರಲ್ಲಿ ಓ-320-ಎಚ್2ಎಡಿ ಇರುತ್ತದೆ. ಕ್ಯಾಮ್ ಸವೆತಕ್ಕೆ ಹೆಸರಾದ ಆ ಎಂಜಿನ್‌ಗೆ ಎಲ್‌ಡಬ್ಲ್ಯು-16702 ಅನ್ನುವ ಸೇರ್ಪಡೆ ಕಡ್ಡಾಯ.

ಡಬ್ಬಿ ಕೊಳ್ಳುವಾಗ ಎಡವಬೇಡಿ. ಏರೋಶೆಲ್ 100 ಅಂದರೆ ಮಿನರಲ್. ಡಬ್ಲ್ಯು100 ಅಂದರೆ ಡಿಸ್ಪರ್ಸೆಂಟ್. ಒಂದೇ ಅಕ್ಷರದ ವ್ಯತ್ಯಾಸ. ಫಿಲಿಪ್ಸ್‌ನಲ್ಲಿ ಟೈಪ್ ಎಂ ಅನ್ನುವುದು ಮಿನರಲ್. ಸಿಂಥೆಟಿಕ್ ಬೆರೆತದ್ದು ಪಳಗಿಸಲು ಬೇಡ.

ಎಂಟು ಕ್ವಾರ್ಟ್ ಹಿಡಿಯುವ ಎಂಜಿನ್‌ಗೆ ಎಂಟೂ ತುಂಬಿಸಿದರೆ ಮೇಲಿನದು ಎಂಜಿನ್ನಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ವಿಮಾನದ ಹೊಟ್ಟೆಯಡಿಗೆ ಚೆಲ್ಲಿ ಹೋಗುತ್ತದೆ, ಎಂಜಿನ್ ಆಯಿಲ್ ಕುಡಿಯುತ್ತಿದೆ ಅಂತ ನೀವು ತಪ್ಪು ತಿಳಿಯುತ್ತೀರಿ. ನಾವು ಏಳಕ್ಕೆ ನಿಲ್ಲಿಸುತ್ತೇವೆ. ಪ್ರತಿ ಹಾರಾಟದ ನಂತರ ಅದೇ ಜಾಗದಲ್ಲಿ ನಿಲ್ಲಿಸಿ, ಅಷ್ಟೇ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ನೋಡಿ ಬರೆದಿಡಿ. ಲೈಕಮಿಂಗ್‌ನ ಗರಿಷ್ಠ ಮಿತಿಯ ಲೆಕ್ಕ ಕೇಳಿದರೆ ನಗು ಬರುತ್ತದೆ: ಅಶ್ವಶಕ್ತಿಯನ್ನು 0.006ರಿಂದ, ಆಮೇಲೆ 4ರಿಂದ ಗುಣಿಸಿ 7.4ರಿಂದ ಭಾಗಿಸಿ. ನಮ್ಮ 150ಕ್ಕೆ ಗಂಟೆಗೆ ಸುಮಾರು ಅರ್ಧ ಕ್ವಾರ್ಟ್. ಅಂದರೆ ಎರಡು ಗಂಟೆಗೊಂದು ಕ್ವಾರ್ಟ್ ಕುಡಿದರೂ ಪುಸ್ತಕದ ಪ್ರಕಾರ ತಪ್ಪಿಲ್ಲ! ಆ ಮಿತಿಗಿಂತ ನಿಮ್ಮ ಪುಸ್ತಕದಲ್ಲಿ ಗೆರೆ ಇಳಿಯುತ್ತಿದೆಯಾ, ನಿಂತಿತಾ ಅನ್ನುವುದು ಮುಖ್ಯ.

ಬೆಂಗಳೂರಿನಲ್ಲಿದ್ದರೆ

ಟರ್ಬೋ ಇಲ್ಲದ ಎಂಜಿನ್ ಎತ್ತರಕ್ಕೆ ಹೋದಂತೆ ಉಸಿರು ಕಳೆದುಕೊಳ್ಳುತ್ತದೆ. ನಮ್ಮದು ಸಮುದ್ರ ಮಟ್ಟ, ಆ ಚಿಂತೆಯಿಲ್ಲ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣ ಸುಮಾರು 3,000 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲಿದ್ದರೆ ಗಾಳಿ ತೆಳುವಾಗಿ ಎಂಜಿನ್ ಪಾಲಿಗೆ ಅದು 6,000 ಅಡಿ. ಅಲ್ಲಿಂದ ಇನ್ನೂ 2,000 ಅಡಿ ಏರಿದರೆ 75 ಪರ್ಸೆಂಟ್ ಸಿಗುವುದೇ ಅನುಮಾನ. ಬೆಳಗ್ಗೆ ತಂಪಿನಲ್ಲಿ, ನಿಯಮ ಬಿಡುವಷ್ಟು ತಗ್ಗಿನಲ್ಲಿ ಹಾರಿಸಿ. ಆಗುವುದಾದರೆ ಮಳೆ ನಿಂತ ಮೇಲೆ, ಚಳಿಗಾಲದಲ್ಲಿ ಎಂಜಿನ್ ಏರಿಸುವ ಹಾಗೆ ದಿನ ಹೊಂದಿಸಿಕೊಳ್ಳಿ.

ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯ ಹಂಸ-3 ವಿಮಾನದಂತೆ ರೋಟ್ಯಾಕ್ಸ್ ಎಂಜಿನ್ ಇದ್ದರೆ ಇಲ್ಲಿ ಬರೆದದ್ದರಲ್ಲಿ ಮುಕ್ಕಾಲು ಮರೆತುಬಿಡಿ. ಅದರ ಸಿಲಿಂಡರ್ ಲೇಪನ ಹಾಕಿದ ಅಲ್ಯುಮಿನಿಯಂ, ಹೆಡ್‌ಗೆ ನೀರಿನ ತಂಪು, ಆಯಿಲ್ ಬೇರೆ ಜಾತಿ. ಅದರ ಕೈಪಿಡಿಯನ್ನಷ್ಟೇ ನಂಬಿ.

ತರಬೇತಿ ಶಾಲೆಗಳ ಕಷ್ಟ ಬೇರೆ. ಎಂಜಿನ್ ಬಂದ ಮಾರನೇ ದಿನವೇ ವಿದ್ಯಾರ್ಥಿಗಳ ಸಾಲು ಕಾಯುತ್ತಿರುತ್ತದೆ. ರನ್‌ವೇ ಸುತ್ತಲೇ ಏರಿ ಇಳಿಯುವ ಸರ್ಕ್ಯೂಟ್ ಹಾರಾಟ ಅಂದರೆ ನಿಮಿಷಕ್ಕೊಮ್ಮೆ ಪವರ್ ಹೆಚ್ಚಿಸು, ಕಡಿಮೆ ಮಾಡು, ನೆಲದ ಮೇಲೆ ಕಾಯಿ. ಪಳಗಬೇಕಾದ ಎಂಜಿನ್‌ಗೆ ಇದಕ್ಕಿಂತ ಕೆಟ್ಟದ್ದು ಇಲ್ಲ. ಮೊದಲ 25 ಗಂಟೆಯನ್ನು ದೂರದ ಕ್ರಾಸ್‌ಕಂಟ್ರಿ ಹಾರಾಟಗಳಿಗೆ ಎತ್ತಿಡಿ.

ನಮ್ಮಲ್ಲಿ ಆ 25 ಗಂಟೆ ಕೀಲಿ ನನ್ನ ಜೇಬಿನಲ್ಲೇ ಇತ್ತು, ಪಾಲುದಾರರಿಬ್ಬರೂ ಬೈದುಕೊಂಡರು. 25ಕ್ಕೆ ಮೊದಲ ಆಯಿಲ್ ಬದಲಿಸಿ ಫಿಲ್ಟರ್ ಕತ್ತರಿಸಿದೆವು. ಬೂದಿಯಂಥ ನುಣ್ಣನೆಯ ಪುಡಿ ಇತ್ತು, ಹೊಸ ರಿಂಗಿನದು, ಇರಬೇಕಾದದ್ದೇ. ಅಯಸ್ಕಾಂತಕ್ಕೆ ಅಂಟುವ ಚೂರು ಇರಲಿಲ್ಲ. ಮತ್ತೆ ಮಿನರಲ್ಲೇ ಹಾಕಿದೆವು. ಶುರುವಿನಲ್ಲಿ ನಾಲ್ಕು ಗಂಟೆಗೊಂದು ಕ್ವಾರ್ಟ್ ಹೋಗುತ್ತಿದ್ದದ್ದು ಏಳಕ್ಕೆ, ಆಮೇಲೆ ಹತ್ತಕ್ಕೆ ಬಂತು. ಮೂರು ಸಲ ಹತ್ತೇ ಬಂದ ಮೇಲೆ ಡಬ್ಲ್ಯು100 ತುಂಬಿ, ಕೀಲಿಯನ್ನು ಮತ್ತೆ ಹ್ಯಾಂಗರಿನ ಮೊಳೆಗೆ ನೇತು ಹಾಕಿದೆ.